ಕೆಂಪು ಗುರುತಿನ ಮರಿಗೇ ಬಾಯಿ ಹಾಕುವ ನಾಯಿ

"ನೀಲಿ ಗುರುತಿನ ಕುರಿ ಈದ್ರೆ ತಲೆ ಎತ್ತಿನೂ ನೋಡಲ್ಲ ಕಣಮ್ಮ ಅದು. ಕೆಂಪು ಗುರುತಿನ್ದು ಈದ್ರೆ ಎಲ್ಲಿದ್ರೂ ಓಡ್ಬತ್ತದೆ. ಇದು ನಾಯಿ ಬುದ್ಧಿನಾ, ಮನ್ಸನ ಬುದ್ಧಿನಾ, ನೀನೇ ಹೇಳು."

ಬುಕ್ಕಾಪಟ್ಟಣದ ಕಡೆಯ ಒಂದು ಕುರಿರೊಪ್ಪದ ಮುಂದೆ, ಜಾಲಿಮುಳ್ಳಿನ ಬೇಲಿಯ ಪಕ್ಕ ನನ್ನ ಗಾಡಿಗೆ ಇನ್ನೂ ಸ್ಟ್ಯಾಂಡ್ ಹಾಕಿರಲಿಲ್ಲ, ಆಗಲೇ ಆ ಮಂದೆಯ ಅಣ್ಣತಮ್ಮಂದಿರಲ್ಲಿ ಅಣ್ಣ ಈ ಪ್ರಶ್ನೆ ಕೇಳಿಬಿಟ್ಟ. ಕೂತ್ಕೋ ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಪಕ್ಕದಲ್ಲೇ ನಿಂತಿದ್ದ ತಮ್ಮ ಮಾತ್ರ ಮುಖ ಆ ಕಡೆ ತಿರುಗಿಸಿಕೊಂಡ. ನನ್ನನ್ನು ಕರೆಸಿದ್ದವನು ಅವನು. ಅದೇ ಕಾರಣಕ್ಕೆ ಅಣ್ಣನಿಗೆ ನನ್ನ ಮೇಲೆ ಮೊದಲ ದಿನದಿಂದಲೇ ಅನುಮಾನ.

ಮಂದೆ ಒಂದೇ, ಕುರಿ ಇಬ್ಬರದ್ದು. ಅಣ್ಣನ ಕುರಿಗಳ ಬೆನ್ನಿಗೆ ಕೆಂಪು ಬಣ್ಣದ ಗೀಟು, ತಮ್ಮನ ಕುರಿಗಳಿಗೆ ನೀಲಿ. ಮೇಯುವುದು, ನೀರು ಕುಡಿಯುವುದು, ರೊಪ್ಪದಲ್ಲಿ ಮಲಗುವುದು ಎಲ್ಲ ಒಟ್ಟಿಗೇ. ಕಾವಲಿಗೆ ಕೆಂಚ ಅಂತ ಒಂದು ನಾಯಿ. ಮರಿಯಾಗಿದ್ದಾಗ ತಂದವನೂ ಸಾಕಿದವನೂ ತಮ್ಮ. ಈ ಸಲ ಕುರಿಗಳು ಈಯಲು ಶುರುವಾದ ಮೇಲೆ ಕೆಂಚ ಹುಟ್ಟಿದ ಮರಿಗಳಿಗೇ ಬಾಯಿ ಹಾಕುತ್ತಿದ್ದ. ಒಂದು ಮರಿಯ ಕಿವಿ ಹೋಗಿತ್ತು, ಇನ್ನೊಂದರ ಹಿಂಗಾಲು, ಒಂದು ಸತ್ತೇ ಹೋಯಿತು. ಎಲ್ಲವೂ ಕೆಂಪು ಗುರುತಿನ ಕುರಿಯ ಮರಿಗಳು. ನೀಲಿ ಗುರುತಿನ ಕುರಿಯ ಒಂದು ಮರಿಗೂ ಹಲ್ಲು ತಾಗಿರಲಿಲ್ಲ.

ಅಣ್ಣನ ಲೆಕ್ಕ ಸರಳ: ತಮ್ಮನೇ ಕಲಿಸಿದ್ದಾನೆ.

"ಇನ್ನೊಂದು ಮರಿ ಮುಟ್ಲಿ, ನಾಯಿನ ಮುಗಿಸ್ತೀನಿ," ಅಂದ ಅಣ್ಣ.

"ನಾಯಿ ಮ್ಯಾಲೆ ಕೈ ಮಾಡಿದ್ ದಿನ್ವೇ ನನ್ ಕುರಿ ಹೊಡ್ಕಂಡು ಓಯ್ತೀನಿ," ಅಂದ ತಮ್ಮ. ಆ ಮಾತು ಅವನು ಅಣ್ಣನಿಗೆ ಹೇಳಲಿಲ್ಲ, ಬೇಲಿಗೆ ಹೇಳಿದ.

ಮಂದೆ ಬೇರೆಯಾದರೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಅರ್ಧ ಮಂದೆ ಕಟ್ಟಿಕೊಂಡು ಒಬ್ಬನೇ ದೂರದ ಬಯಲಿಗೆ ಮೇಯಿಸಲು ಹೋಗಲಾಗುವುದಿಲ್ಲ. ಒಬ್ಬ ಮುಂದೆ, ಒಬ್ಬ ಹಿಂದೆ ಬೇಕು. ಬೇರೆಯಾದರೆ ಇಬ್ಬರೂ ವರ್ಷದೊಳಗೆ ಕುರಿ ಮಾರಿ ಕೂಲಿಗೆ ಹೋಗಬೇಕು. ಗೊತ್ತಿದ್ದೂ ಇಬ್ಬರೂ ಹಿಂದೆ ಸರಿಯುವ ಹಾಗೆ ಕಾಣಲಿಲ್ಲ.

ನಾನು ಶಿರಾದಲ್ಲಿ ನಮ್ಮ ಚಿಕ್ಕಪ್ಪನ ಪಶು ಆಹಾರದ ಅಂಗಡಿಯಲ್ಲಿ ಕೂರುತ್ತೇನೆ. ನಾಯಿ ಪಳಗಿಸುವುದನ್ನು ಕಲಿತದ್ದು ಮೊಬೈಲು ನೋಡಿ, ಬೀದಿ ನಾಯಿಗಳ ಮೇಲೆ ಪ್ರಯೋಗ ಮಾಡಿ. ಅಂಗಡಿ ಮುಂದಿನ ನಾಯಿ ನಾನು ಕೈ ತೋರಿಸಿದರೆ ತಕ್ಕಡಿ ಪಕ್ಕ ಹೋಗಿ ಕೂರುವುದನ್ನು ತಮ್ಮ ನೋಡಿದ್ದ. ಅಷ್ಟಕ್ಕೇ ನನ್ನನ್ನು ನಂಬಿ ಕರೆದುಕೊಂಡು ಬಂದಿದ್ದ. ಆವರೆಗೆ ನಾನು ಪಳಗಿಸಿದ್ದೆಲ್ಲ ಊರೊಳಗಿನ ಮನೆ ನಾಯಿಗಳು. ಮಂದೆಯ ನಾಯಿ ಇದೇ ಮೊದಲು, ಆದರೆ ಅದನ್ನು ಅಲ್ಲಿ ಯಾರಿಗೂ ಹೇಳಲು ಹೋಗಲಿಲ್ಲ.

ಕೆಂಚನನ್ನು ನೋಡಿದ ತಕ್ಷಣ ಮೂಗು ಮುಚ್ಚಿಕೊಳ್ಳಬೇಕಾಯಿತು. ಅವನ ಕೊರಳಲ್ಲಿ ಸತ್ತ ಮರಿಯ ಒಂದು ಕಾಲು ಕಟ್ಟಿದ್ದರು. ಕೊಳೆತು ನೊಣ ಮುತ್ತಿತ್ತು. ಕಚ್ಚಿದ್ದನ್ನೇ ಕೊರಳಿಗೆ ಕಟ್ಟಿ, ತಾನಾಗಿ ಉದುರುವ ತನಕ ಬಿಟ್ಟರೆ ನಾಯಿಗೆ ಅದರ ಮೇಲೆ ಹೇಸಿಗೆ ಹುಟ್ಟುತ್ತದೆ ಅನ್ನುವುದು ಅಣ್ಣನ ಮದ್ದು.

"ಹೇಸಿಗೆ ಹುಟ್ತಾ?" ಅಂತ ಕೇಳಿದೆ.

"ಹುಟ್ಟೈತೆ. ನನ್ ಮ್ಯಾಲೆ," ಅಂದ ಅಣ್ಣ. "ಈಗ ನಾನು ಕರುದ್ರೆ ಬರಲ್ಲ. ಬಾಯಿ ಹಾಕಿ ಕಣ್ಣು ಮುಚ್ಚಿ ತೆಗ್ಯೋದ್ರೊಳಗೆ ಬೇಲಿ ಆಚೆ ಇರ್ತದೆ."

ಮೊದಲು ಮರಿಯ ಹತ್ತಿರ ನಿಂತು ಮೂಸುತ್ತಿದ್ದ ನಾಯಿ, ಈ ಶಿಕ್ಷೆ ಆದ ಮೇಲೆ ತಟ್ಟನೆ ಕಚ್ಚಿ ಓಡುವುದನ್ನು ಕಲಿತಿತ್ತು. ಬೆದರಿಸಿದ ನಾಯಿ ತಪ್ಪು ಮಾಡುವುದನ್ನು ಬಿಡುವುದಿಲ್ಲ, ಅವಸರದಲ್ಲಿ ಮಾಡುತ್ತದೆ. ತಮ್ಮನ ಕೈಯಲ್ಲಿ ಆ ಕಾಲು ಬಿಚ್ಚಿಸಿ, ಕೊರಳನ್ನು ಬಿಸಿನೀರಲ್ಲಿ ತೊಳೆಸಿದೆ. ಅಣ್ಣನ ಹೆಂಡತಿ ರೊಪ್ಪದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬಂದೋಳೇ ನಾಯಿ ಪಕ್ಸ ಸೇರ್ಕಂಡ್ಲು," ಅಂದಳು, ಸಣ್ಣ ದನಿಯಲ್ಲಿ, ನನಗೆ ಕೇಳುವ ಹಾಗೆ.

ನಾನು ಶುರು ಮಾಡಿದ್ದು ಎಲ್ಲರೂ ಶುರು ಮಾಡುವಲ್ಲಿಂದಲೇ. ನೆಲದ ಮೇಲೆ ತಿಂಡಿ ಇಟ್ಟು, ಬಿಡು ಅಂದರೆ ಬಿಡಬೇಕು. ಬಿಟ್ಟರೆ ಅದಕ್ಕಿಂತ ರುಚಿಯಾದ್ದು ಕೈಯಿಂದ ಸಿಗುತ್ತದೆ. ಅಲ್ಲಿಯವರ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಇರಲಿ ಅಂತ "ಬುಡು" ಅಂತಲೇ ಕಲಿಸಿದೆ. ಕೆಂಚ ಚುರುಕು. ಬೇಗ ಹಿಡಿದುಕೊಂಡ. ಮತ್ತೆ ಹೋಗಿ ನೋಡಿದರೆ ಎಲ್ಲ ಮರೆತಿದ್ದ. ಒಂದು ಮಧ್ಯಾಹ್ನ ಅಲ್ಲೇ ಕೂತು ಕೇಳಿಸಿಕೊಂಡಾಗ ಕಾರಣ ತಿಳಿಯಿತು. ಆ ಮನೆಯಲ್ಲಿ ಎರಡು ಮಾತಿಗೆ ಒಂದು ಸಲ ಬುಡು. "ಬುಡು ಅತ್ಲಾಗೆ." "ಓಗ್ಲಿ ಬುಡವ್ವ." "ಮೋಟ್ರು ಆನ್ ಮಾಡಿ ನೀರು ಬುಡು." ದಿನವಿಡೀ ಕಿವಿಗೆ ಬೀಳುವ ಮಾತು ಆಜ್ಞೆಯಾಗಿ ನಿಲ್ಲುವುದಿಲ್ಲ. ಮಾತನ್ನು "ಲೀವ್" ಅಂತ ಬದಲಾಯಿಸಿದೆ.

"ಓಹೋ, ಇಂಗ್ಲೀಸ್ ಮೀಡಿಯಂಗೆ ಸೇರಿಸ್ಬುಟ್ಯಾ ನಾಯಿ ಮೇಷ್ಟ್ರಮ್ಮ," ಅಂದ ಅಣ್ಣ. ಆವತ್ತಿನಿಂದ ನನಗೆ ಅದೇ ಹೆಸರು ನಿಂತಿತು.

ಬಯಲಿನಲ್ಲಿ ಕೆಂಚ ಬೇಯಿಸಿದ ಕೋಳಿ ಈಲಿಯ ತುಂಡಿನ ಮುಂದೆ ಕೂಡ ಅಲ್ಲಾಡದೆ ಕೂತ. ನಾನು ಖುಷಿಯಲ್ಲಿ ಅದನ್ನು ವಿಡಿಯೋ ಮಾಡಿ ಎಲ್ಲರಿಗೂ ತೋರಿಸಿದೆ. ಮರುದಿನವೇ ಕೆಂಪು ಗುರುತಿನ ಒಂದು ಕುರಿ ಈಯಿತು. ನಾನು ರೊಪ್ಪದ ಇನ್ನೊಂದು ಮೂಲೆಯಲ್ಲಿದ್ದೆ. ಕೆಂಚ ಹೋದದ್ದು ಕಾಣಿಸಿತು. "ಲೀವ್" ಅಂತ ಕಿರುಚಿದೆ. ಅವನ ಕಿವಿ ಕೂಡ ಅಲುಗಲಿಲ್ಲ. ಮರಿಯ ಬಾಲದ ತುದಿ ಹರಿದು ಹೋಯಿತು. ಮರಿ ಬದುಕಿತು, ಅಷ್ಟೇ ಪುಣ್ಯ.

ಖಾಲಿ ಬಯಲಿನಲ್ಲಿ ಕಲಿತ ಪಾಠ ಖಾಲಿ ಬಯಲಿನದ್ದೇ. ಕುರಿಯ ಕೂಗು, ಈದ ಮೈಲಿಗೆಯ ವಾಸನೆ, ಜನರ ಗಡಿಬಿಡಿ ಇರುವ ಜಾಗದಲ್ಲಿ ಒಂದು ಸಲವೂ ಅಭ್ಯಾಸ ಮಾಡಿಸದೆ ಪರೀಕ್ಷೆಗೆ ಕೂರಿಸಿದ ಹಾಗಾಗಿತ್ತು.

ಆವತ್ತು ಅಣ್ಣ ಕೋಲು ಹಿಡಿದು ಹೊರಟ. ತಮ್ಮ ಅಡ್ಡ ನಿಂತ. ಅಣ್ಣನ ಹೆಂಡತಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕಡೆ ನೋಡಿ, "ಇವ್ಳು ಬಂದ್ಮ್ಯಾಕೇ ಜಾಸ್ತಿ ಆಗಿರೋದು. ಮಾಂಸ ತಿನ್ಸಿ ತಿನ್ಸಿ ರುಚಿ ಹತ್ತಿಸ್ಬುಟ್ಲು," ಅಂದಳು.

"ನಿನ್ನ ಯಾರು ಕಳ್ಸಿದ್ದು ಅಂತ ನಂಗೊತ್ತಿಲ್ವಾ?" ಅಂದ ಅಣ್ಣ. "ನಾಯಿಗೆ ಬುದ್ಧಿ ಕಲ್ಸಕ್ಕೆ ಬಂದ್ಯೋ, ಇವ್ನು ಕಲ್ಸಿದ್ನ ಮುಚ್ಚಾಕಕ್ಕೆ ಬಂದ್ಯೋ?"

ಕೊನೆಗೆ ಒಂದು ಮಾತಿಗೆ ಒಪ್ಪಿದ. ನಾಯಿಯ ಕೊರಳಲ್ಲಿ ಯಾವಾಗಲೂ ಉದ್ದನೆಯ ನೈಲಾನ್ ಹಗ್ಗ ಇರಬೇಕು, ಹಗ್ಗದ ತುದಿ ನೆಲದ ಮೇಲೆ ಎಳೆಯುತ್ತಿರಬೇಕು, ಯಾರಾದರೂ ತುಳಿದು ನಿಲ್ಲಿಸುವ ಹಾಗೆ. ಹಗ್ಗ ಇಲ್ಲದ ಕೆಂಚ ಕಂಡ ದಿನ ಕೋಲಿಗೆ ಕೆಲಸ. ಈ ಸಲ ಈಯುವ ಕುರಿಗಳು ಮುಗಿಯುವ ತನಕ ನನಗೆ ಗಡುವು.

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೂ ತಮ್ಮನ ಮೇಲೆ ಅನುಮಾನ ಬಂದಿತ್ತು. ಬೆಳಿಗ್ಗೆ ಹೊತ್ತು ಬರಬೇಡ ಅಂತ ನನಗೆ ಹೇಳಿದ್ದ. ಯಾಕೆ ಅಂದರೆ ಮಾತು ತಿರುಗಿಸುತ್ತಿದ್ದ. ನಾನು ಬೇಕೆಂದೇ ಒಂದು ಬೆಳಿಗ್ಗೆ ಹೋದೆ. ತಮ್ಮ ಹೊಂಗೆ ಮರದ ಆಚೆ ಕುಕ್ಕರಗಾಲಲ್ಲಿ ಕೂತು ಕೆಂಚನಿಗೆ ಏನೋ ಪಿಸುಗುಡುತ್ತಿದ್ದ. ಕೈಯಲ್ಲಿ ಏನೋ ಇತ್ತು. ನನ್ನನ್ನು ಕಂಡ ತಕ್ಷಣ ಮುಚ್ಚಿಕೊಂಡ.

"ಏನಣ್ಣ ಅದು?"

"ಏನಿಲ್ಲ."

"ತೋರ್ಸು."

ಮೊಟ್ಟೆ. ಮುದ್ದೆಯ ಒಳಗೆ ಮುಚ್ಚಿಟ್ಟ ಬೇಯಿಸಿದ ಮೊಟ್ಟೆ. "ಹಸ್ಕಂಡಿದ್ರೆ ಬುದ್ಧಿ ಬತ್ತದೆ ಅಂತ ಅಣ್ಣ ನಾಯಿಗೆ ಹಿಟ್ಟು ಹಾಕ್ಬ್ಯಾಡ ಅಂದವ್ನೆ," ಅಂದ ತಮ್ಮ. "ನೋಡುದ್ರೆ ಅದಕ್ಕೂ ಒಂದು ಅರ್ಥ ಕಟ್ತಾನೆ. ನೀನೂ ಕಟ್ದೆ ಈಗ."

ಅವನು ಹೇಳಿದ್ದು ಸರಿಯಾಗಿತ್ತು, ಆದರೂ ನಾನು ಪೂರ್ತಿ ನಂಬಲಿಲ್ಲ. ಮೊಟ್ಟೆ ಕೊಡುವವನು ಬೇರೆ ಏನನ್ನೂ ಕಲಿಸಿರಲಾರ ಅನ್ನಲು ಏನಾಧಾರ? ಒಂದು ಮಾತ್ರ ಖಚಿತವಾಯಿತು. ನಾಯಿ ಅರೆಹೊಟ್ಟೆಯಲ್ಲಿತ್ತು. ಹಸಿದ ನಾಯಿಯನ್ನು ಹಸಿಮಾಂಸದ ವಾಸನೆಯ ಪಕ್ಕ ನಿಲ್ಲಿಸಿ ಸುಮ್ಮನಿರು ಅನ್ನುವುದು ನ್ಯಾಯವಲ್ಲ. ಎರಡು ಹೊತ್ತೂ ಹೊಟ್ಟೆ ತುಂಬ ಹಾಕದಿದ್ದರೆ ನಾನು ಬರುವುದಿಲ್ಲ ಅಂತ ಅಣ್ಣನಿಗೆ ಹೇಳಿದೆ. ಬೈದುಕೊಂಡೇ ಒಪ್ಪಿದ.

ಆಮೇಲೆ ಬಣ್ಣದ ಮೇಲೆ ಬಿದ್ದೆ. ಕೆಂಪು ಬಣ್ಣದ ಡಬ್ಬಿಯಲ್ಲಿ ಏನಾದರೂ ವಾಸನೆ ಇರಬಹುದು, ನೀಲಿಯಲ್ಲಿ ಇಲ್ಲದ್ದು. ಪರೀಕ್ಷೆ ಸುಲಭ, ನೀಲಿ ಗುರುತಿನ ಗಬ್ಬದ ಕುರಿಗೆ ಕೆಂಪು ಹಚ್ಚಿ ನೋಡೋಣ ಅಂದೆ.

ಅಣ್ಣ ಸೊಂಟದ ಮೇಲೆ ಕೈ ಇಟ್ಟುಕೊಂಡ. "ಮೊದ್ಲು ನೀಲಿಗೆ ಕೆಂಪು. ನಾಳೆ ಕೆಂಪಿಗೆ ನೀಲಿ. ನಾಡಿದ್ದು ನನ್ ಕುರಿ ಯಾವ್ದು, ಅವ್ನ ಕುರಿ ಯಾವ್ದು? ಗುರುತು ಬದ್ಲಾಯ್ಸಿ ಕುರಿ ಹೊಡ್ಯಕ್ಕೆ ಸರಿಯಾಗಿ ಓದಿಸ್ಕಂಡು ಕಳ್ಸವ್ನೆ."

ತಮ್ಮನಿಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. ನಾನು ಎರಡು ಗೋಣಿಚೀಲಕ್ಕೆ ಎರಡು ಬಣ್ಣ ಬಳಿದು ಬಿಸಿಲಿಗೆ ಹಾಕಿದೆ. ಕೆಂಚ ಎರಡನ್ನೂ ಮೂಸಿದ, ಎರಡರ ಮೇಲೂ ಕಾಲೆತ್ತಿದ. ಬಣ್ಣದ ಕಥೆ ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಕೂತು ಹಿಂಡಿಯ ಮೂಟೆ ತೂಗುವಾಗೆಲ್ಲ ಇದೇ ಯೋಚನೆ. ನಾನು ಇಷ್ಟು ದಿನ ನಾಯಿಗೆ ಏನೋ ಒಂದನ್ನು ಕಲಿಸುವುದರಲ್ಲೇ ಇದ್ದೆ. ನಾಯಿ ಆಗಲೇ ಏನು ಕಲಿತಿದೆ, ಯಾರಿಂದ ಕಲಿತಿದೆ ಅಂತ ನೋಡಿರಲಿಲ್ಲ. ಕಲಿಸುವುದನ್ನು ಪೂರ್ತಿ ನಿಲ್ಲಿಸಲು ತೀರ್ಮಾನ ಮಾಡಿದೆ. ಕೆಂಚನನ್ನು ಹಗ್ಗದಲ್ಲಿ ಕಟ್ಟಿ, ಒಂದು ಮಾತೂ ಆಡದೆ ಬರೀ ನೋಡುವುದು. ಮೊಬೈಲನ್ನು ರೊಪ್ಪದ ಗೂಟಕ್ಕೆ ಕಟ್ಟಿ, ಕುರಿ ಈಯುವುದನ್ನು ಮೊದಲಿಂದ ಕೊನೆ ತನಕ ಹಿಡಿಯುವುದು.

"ಈಗ ಸಿನಿಮಾನಾ?" ಅಂದ ಅಣ್ಣ. "ಯಾರಿಗೆ ತೋರ್ಸಕ್ಕೆ?"

"ನಂಗೇ."

"ನಿಂಗೆ ಕಣ್ಣಿಲ್ವಾ?"

ಕಣ್ಣಿತ್ತು, ಆದರೆ ಅದು ಯಾವಾಗಲೂ ಕುರಿಯ ಮೇಲೆ ಇರುತ್ತಿತ್ತು. ಮನೆಗೆ ಬಂದು ಎರಡು ವಿಡಿಯೋ ಪಕ್ಕಪಕ್ಕ ನೋಡಿದೆ. ಒಂದು ನೀಲಿ ಗುರುತಿನ ಕುರಿ ಈದದ್ದು, ಒಂದು ಕೆಂಪು. ಕುರಿಗಳಲ್ಲಿ ಏನೂ ವ್ಯತ್ಯಾಸವಿಲ್ಲ. ನಾಯಿಯನ್ನು ಮಾತ್ರ ನೋಡುತ್ತಾ ಇನ್ನೊಂದು ಸಲ ಓಡಿಸಿದೆ. ನೀಲಿ ಕುರಿಯ ಹತ್ತಿರ ಕೂತಿದ್ದವಳು ತಮ್ಮನ ಹೆಂಡತಿ. ಕೆಂಚ ಮಲಗಿ ಆಕಳಿಸುತ್ತಿದ್ದ. ಕೆಂಪು ಕುರಿಯ ಹತ್ತಿರ ಅಣ್ಣನ ಹೆಂಡತಿ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರಿಯ ಹಿಂದೆ ಕುಕ್ಕರಿಸುವ ಮೊದಲೇ ಕೆಂಚ ಎದ್ದು ನಿಂತಿದ್ದ. ಅವನು ಕುರಿಯನ್ನು ನೋಡುತ್ತಲೇ ಇರಲಿಲ್ಲ. ಅವಳ ಕೈ ನೋಡುತ್ತಿದ್ದ.

ವಿಡಿಯೋದ ಕೊನೆಯಲ್ಲಿ, ಮರಿ ಎದ್ದು ನಿಂತು ಎಷ್ಟೋ ಹೊತ್ತಾದ ಮೇಲೆ, ಕುರಿಯ ಕಸ ಬಿತ್ತು. ಮರಿಯ ಹಿಂದೆ ಬೀಳುವ ಪೊರೆಗೆ ಅಲ್ಲಿ ಕಸ ಅನ್ನುತ್ತಾರೆ. ಅಣ್ಣನ ಹೆಂಡತಿ ಅದನ್ನು ಒಂದು ಕಡ್ಡಿಯಲ್ಲಿ ಎತ್ತಿ, ತಲೆ ಕೂಡ ತಿರುಗಿಸದೆ, ನಾಯಿಯ ಕಡೆ ಎಸೆದಳು. ಗುಬ್ಬಿಗೆ ಕಾಳು ಎಸೆದಷ್ಟು ಸಲೀಸಾಗಿ. ನಾನು ಅಲ್ಲೇ ಇದ್ದೆ, ನೋಡಿಯೂ ಇದ್ದೆ. ಕಸ ಗುಡಿಸಿ ಹೊರಗೆ ಹಾಕುವುದನ್ನು ಯಾರು ಗಮನಿಸುತ್ತಾರೆ?

ಮರುದಿನ ಹೋಗಿ ತಮ್ಮನ ಹೆಂಡತಿಯನ್ನು ಮೊದಲು ಕೇಳಿದೆ, ನೀವು ಕಸ ಏನು ಮಾಡ್ತೀರಿ ಅಂತ. ಅವಳ ತವರು ಪಾವಗಡದ ಆಚೆ, ಗಡಿಯ ಹತ್ತಿರ. ಅರ್ಧ ತೆಲುಗು.

"ಗುಂಡಿ ತೆಗ್ದು ಪೂಡ್ಚಿಬಿಡ್ತೀನಮ್ಮ. ಕುಕ್ಕ ತಿಂದ್ರೆ ಕುರೀಗೆ ಪಾಲು ರಾದು ಅಂತ ಮಾ ಅಮ್ಮ ಚೆಪ್ತಿತ್ತು." ನಾಯಿ ತಿಂದರೆ ಕುರಿಗೆ ಹಾಲು ಇಳಿಯುವುದಿಲ್ಲ, ಅದಕ್ಕೆ ಹೂಳುತ್ತೇನೆ ಅಂದಳು.

"ಯಾವಾಗ್ಲೂ?"

"ಮದ್ವೆ ಆಗಿ ಬಂದಾಗ್ನಿಂದ. ಅಕ್ಕ ನಗ್ತಾರೆ. ನಗ್ಲಿ."

ಆಮೇಲೆ ಅಣ್ಣನ ಹೆಂಡತಿಯ ಹತ್ತಿರ ಹೋಗಿ ಅದನ್ನೇ ಕೇಳಿದೆ. ಅವಳು ಹುರುಳಿ ಕೇರುತ್ತಿದ್ದಳು.

"ನಾಯಿಗೆ ಹಾಕ್ತೀನಿ. ಇನ್ನೇನ್ ಮಾಡ್ಬೇಕು?" ಅಂದಳು. "ಮಂದೆ ಕಾಯೋದು ಅದು. ತೋಳ ಬಂದ್ರೆ ಮೊದ್ಲು ಮೈ ಕೊಡೋದು ಅದು. ಮೊದಲ್ನೇ ಪಾಲು ಅದ್ರದ್ದು."

"ಮರಿ ಇದ್ದಾಗ್ಲಿಂದ ಹಾಕ್ತಿದ್ರಾ ಅತ್ತೆ?"

"ಇಷ್ಟುದ್ದ ಇದ್ದಾಗ್ಲಿಂದ."

ಆಗ ನಿಧಾನವಾಗಿ ಬಿಡಿಸಿ ಹೇಳಿದೆ. ನೀವು ಕುರಿಯ ಹಿಂದೆ ಕೂತರೆ ಕುರಿಯೊಳಗಿಂದ ತನಗೆ ತಿನ್ನಲು ಬರುತ್ತದೆ ಅಂತ ಅವನು ಕಲಿತಿದ್ದಾನೆ. ಮೊದಲೆಲ್ಲ ಕಾಯುತ್ತಿದ್ದ. ಈಗ ದೊಡ್ಡವನಾಗಿದ್ದಾನೆ, ನಡುವೆ ಹಸಿವೂ ಕಂಡಿದ್ದಾನೆ, ಕಾಯಲು ಆಗುತ್ತಿಲ್ಲ. ಕಸ ಬೀಳುವುದು ತಡವಾಗಿ. ಅದಕ್ಕೆ ಮೊದಲು ಒದ್ದೆಯಾಗಿ, ಅದೇ ವಾಸನೆಯಲ್ಲಿ ಬೀಳುವುದು ಮರಿ.

ಮೊರ ನೆಲಕ್ಕೆ ಬಿತ್ತು. "ಅಂಗಂದ್ರೆ ನನ್ ಮರಿ ಕಚ್ಚಕ್ಕೆ ನಾನೇ ಕಲ್ಸಿದ್ನಾ? ಸತ್ತಿದ್ ಮರಿನ ಮಡ್ಲಲ್ಲಿ ಇಟ್ಕಂಡು ಅತ್ತೋಳು ನಾನು ಕಣೆ."

ಗಲಾಟೆ ಕೇಳಿ ಅಣ್ಣ ಬಂದ. ಎಲ್ಲ ಕೇಳಿಸಿಕೊಂಡು ತಮ್ಮನ ಕಡೆ ತಿರುಗಿದ. "ಚೆನ್ನಾಗೈತೆ ಕಣ್ಲಾ. ನಿನ್ ತಲೆ ಮ್ಯಾಲಿದ್ದಿದ್ನ ನನ್ ಹೆಂಡ್ತಿ ತಲೆ ಮ್ಯಾಲೆ ತಂದಿಕ್ಬುಟ್ರಿ. ಇಬ್ರೂ ಸೇರ್ಕಂಡು ಎಷ್ಟು ದಿನ ಹೊಸೆದ್ರಿ ಇದ್ನ?"

ತಮ್ಮನಿಗೂ ಇದು ಹೊಸದೇ. ನನ್ನನ್ನು ಅವನೂ ಅನುಮಾನದಿಂದಲೇ ನೋಡುತ್ತಿದ್ದ, ಇವಳು ಇನ್ನೇನು ಹಚ್ಚುತ್ತಾಳೋ ಅಂತ.

"ನೀವೇ ನೋಡಿ ಮಾವ," ಅಂದೆ. "ಅತ್ತೆ ನೀಲಿ ಕುರಿ ಹತ್ರ ಕೂತ್ಕೊಳ್ಲಿ. ಅಕ್ಕ ಕೆಂಪು ಕುರಿ ಹತ್ರ. ನಾಯಿ ಹಗ್ಗ ನಿಮ್ಮ ಕೈಯಲ್ಲೇ ಇರ್ಲಿ. ನಾನು ಮುಟ್ಟಲ್ಲ, ಅವ್ರೂ ಮುಟ್ಟಲ್ಲ."

ಬಣ್ಣ ಬದಲಾಯಿಸಲು ಒಪ್ಪದ ಮನುಷ್ಯ ಇದಕ್ಕೆ ಒಪ್ಪಿದ. ಕುರಿಗಳ ಗುರುತು ಹಾಗೇ ಇರುತ್ತದಲ್ಲ, ಅದಕ್ಕೆ. ಆದರೂ ತಮ್ಮನನ್ನು ಬಾವಿಯ ಹತ್ತಿರಕ್ಕೆ ಕಳಿಸಿದ, ಸನ್ನೆ ಮಾಡದ ಹಾಗೆ. ನನ್ನನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿದ, ನಾಯಿಗೆ ನಾನು ಕಾಣದ ಹಾಗೆ.

ಮೊದಲು ಈದದ್ದು ಕೆಂಪು ಗುರುತಿನ ಕುರಿ. ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು ಮರಿಯ ಮೂಗು ಒರೆಸಿದಳು. ಕೆಂಚ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿದ್ದ. ಅಣ್ಣ ಹಗ್ಗ ಸಡಿಲ ಬಿಟ್ಟು ನೋಡಿದ. ಒಮ್ಮೆ ಕಾಲಲ್ಲಿ ತಿವಿದೂ ನೋಡಿದ. ನಾಯಿ ಪಕ್ಕ ಬದಲಾಯಿಸಿತು. "ಇವತ್ತು ಹೊಟ್ಟೆ ತುಂಬೈತೆ, ಅದಕ್ಕೆ," ಅಂದ.

ನೀಲಿ ಕುರಿಗೆ ಇನ್ನೊಂದು ಮಧ್ಯಾಹ್ನ ಕಾಯಬೇಕಾಯಿತು. ಅವತ್ತೂ ಕೆಂಚನ ಹೊಟ್ಟೆ ತುಂಬಿತ್ತು, ಅಣ್ಣನೇ ಎದುರು ನಿಂತು ಹಾಕಿಸಿದ್ದ. ಅಣ್ಣನ ಹೆಂಡತಿ ಬಂದಳು. ಸಿಟ್ಟಿನಿಂದಲೇ ಸೆರಗು ಸಿಕ್ಕಿಸಿದಳು. ಕೆಂಚ ಎದ್ದ. ಅವಳು ಕುಕ್ಕರಿಸಿದಳು. ಅವನ ಬಾಯಿಂದ ಜೊಲ್ಲು ದಾರದಂತೆ ಇಳಿಯಿತು, ಹಗ್ಗ ಬಿಗಿಯಾಯಿತು. ಮರಿಯ ಕಾಲು ಕೂಡ ಇನ್ನೂ ಹೊರಗೆ ಕಂಡಿರಲಿಲ್ಲ.

"ಇದು ನೀಲಿದಲ್ವಾ," ಅಂದ ಅಣ್ಣ, ತನಗೇ ತಾನು.

ಆಮೇಲೆ ಅವನು ಮಾಡಿದ್ದು ನನಗೆ ಹೊಳೆದಿರಲಿಲ್ಲ. ಹೆಂಡತಿಗೆ ಹೇಳಿದ, "ನೀನು ಎದ್ದು ಅತ್ಲಾಗೋಗು. ಬೇಲಿ ತಾವ್ಕೆ."

ಅವಳು ಎದ್ದು ಹೋದಳು. ನಾಯಿಯ ಕಣ್ಣು ಅವಳ ಹಿಂದೆ ಹೋಯಿತು. ಕುರಿ ಅಲ್ಲೇ ಈಯುವ ನೋವಿಗೆ ಮುಕ್ಕರಿಯುತ್ತಿತ್ತು, ಅದರ ಕಡೆ ಕೆಂಚ ತಿರುಗಲಿಲ್ಲ.

ಅಣ್ಣ ಹಗ್ಗವನ್ನು ಕೈಗೆ ಸುತ್ತಿಕೊಂಡು ಹೆಂಡತಿಯನ್ನು ನೋಡಿದ. ಅವಳು ಬೇಲಿಯ ಹತ್ತಿರದಿಂದಲೇ ಅಂದಳು, "ನನ್ನೇನ್ ನೋಡ್ತೀಯ? ನಿಮ್ಮವ್ವನೂ ಇದ್ನೇ ಮಾಡ್ತಿದ್ಲು. ಅವಳೇ ನಂಗೆ ಕಲ್ಸಿದ್ದು."

"ನಮ್ಮವ್ವನ ಕಾಲ್ದಾಗೆ ಯಾವ ನಾಯಿ ಮರಿ ಮುಟ್ತಿರ್ಲಿಲ್ಲ."

"ನಿಮ್ಮವ್ವ ಮೊರದಲ್ಲಿ ಹೊತ್ಕಂಡೋಗಿ ಆಚೆ ಹಳ್ಳದ್ ತಾವ ಹಾಕೋಳು. ನಂಗೆ ಆ ಪುರಸೊತ್ತು ಎಲ್ಲೈತೆ? ಅಡುಗೆ, ನೀರು, ನಿನ್ ಕುರಿ, ನೀನು." ಅಷ್ಟು ಹೇಳಿ ನಿಲ್ಲಿಸಿದಳು. ಅಲ್ಲಿಯವರೆಗೆ ಅವಳೂ ಆ ವ್ಯತ್ಯಾಸದ ಬಗ್ಗೆ ಯೋಚಿಸಿರಲಿಲ್ಲ ಅಂತ ಕಾಣುತ್ತದೆ.

ಬಾವಿಯ ಹತ್ತಿರದಿಂದ ಬಂದ ತಮ್ಮನಿಗೆ ಅವನ ಹೆಂಡತಿಯೇ ನಡೆದದ್ದನ್ನು ಹೇಳಿದಳು. ಅವನು ಅಣ್ಣನ ಮುಖ ನೋಡದೆ ಮಂದೆಯ ಕಡೆ ನಡೆದ. ತಪ್ಪು ತಿಳಿದುಕೊಂಡೆ ಕಣ್ಲಾ ಅನ್ನುವ ಮಾತು ಬರುತ್ತದೆ ಅಂತ ನಾನು ಕಾದೆ. ಬರಲಿಲ್ಲ. "ಕಾರಣ ಗೊತ್ತಾಯ್ತು, ಸರಿ. ಕಚ್ಚೋದು ನಿಂತೈತಾ?" ಅಂದ ಅಣ್ಣ. ಗಡುವು ಹಾಗೇ ಇತ್ತು, ಕೋಲೂ.

ಈಗ ಕಲಿಸುವ ಕೆಲಸ ನಿಜವಾಗಿ ಶುರುವಾಯಿತು. ಬೇಡ ಅನ್ನುವುದನ್ನು ಕಲಿಸುವುದಕ್ಕಿಂತ, ಬೇರೆ ಏನು ಮಾಡಬೇಕು ಅಂತ ಕಲಿಸುವುದು ಸುಲಭ. ಮೇಷ್ಟ್ರು ನಾನಲ್ಲ, ಅಣ್ಣನ ಹೆಂಡತಿಯೇ ಆಗಬೇಕಿತ್ತು, ಯಾಕೆಂದರೆ ಕೆಂಚ ನಂಬಿದ್ದು ಅವಳ ಕೈಯನ್ನು. ಎಲ್ಲರೂ ಕಸ ಹೂಳಬೇಕು. ಕುರಿ ಮುಕ್ಕರಿಯಲು ಶುರುಮಾಡಿದರೆ ಅವಳು ರೊಪ್ಪದೊಳಗೆ ಬರುವ ಮೊದಲು ಬೇಲಿಯಾಚೆಯ ಹುಣಸೆ ಮರದ ಕೆಳಗೆ ಹೋಗಬೇಕು. ಕೆಂಚ ಹಿಂದೆ ಬರುತ್ತಾನೆ. ಅಲ್ಲಿ ಅವನು ಕೂತರೆ ಸಾರಲ್ಲಿ ಅದ್ದಿದ ಮುದ್ದೆ. ಮರಿ ಎದ್ದು ನಿಂತು, ಕಸ ಹೂಳಿ ಆಗುವ ತನಕ ನಡುನಡುವೆ ಬಂದು ಅಲ್ಲೇ ಇನ್ನೊಂದು ತುತ್ತು. ಎದ್ದು ಬಂದರೆ ಹಗ್ಗ ಹಿಡಿದು ಸುಮ್ಮನೆ ವಾಪಸ್ ಕರೆದೊಯ್ಯುವುದು. ಬೈಗುಳವಿಲ್ಲ, ಏಟಿಲ್ಲ, ತುತ್ತೂ ಇಲ್ಲ.

"ನನ್ ಮರಿ ತಿಂದಿದ್ದಕ್ಕೆ ನಾನೇ ತುತ್ತು ಇಡ್ಬೇಕು," ಅಂದಳು ಅವಳು. ಆದರೂ ಇಟ್ಟಳು. ಮೊದಮೊದಲು ನೆಲಕ್ಕೆ ಎಸೆಯುತ್ತಿದ್ದಳು. ಕೈಯಿಂದಲೇ ಕೊಡಿ ಅತ್ತೆ ಅಂದರೆ ನನ್ನನ್ನು ಸುಡುವ ಹಾಗೆ ನೋಡುತ್ತಿದ್ದಳು.

ಶುರುವಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಸಿಗುತ್ತಿದ್ದದ್ದು ನಿಂತಾಗ ನಾಯಿ ಅದನ್ನೇ ಇನ್ನಷ್ಟು ಹುಡುಕುತ್ತದೆ. ಕೆಂಚ ಹೂಳಿದ್ದನ್ನು ಅಗೆದು ತೆಗೆದ. ಗುಂಡಿ ಆಳ ಮಾಡಿ ಮೇಲೆ ಮುಳ್ಳು, ಕಲ್ಲು ಹೇರಿದೆವು. ರಾಗಿ ಮುದ್ದೆಯನ್ನು ಮೂಸಿ ಬಿಟ್ಟ. ಇನ್ನೊಂದು ಸಲ ಹಗ್ಗ ಯಾರ ಕೈಯಲ್ಲಿದೆ ಅಂತ ಯಾರೂ ನೋಡದ ಗಳಿಗೆಯಲ್ಲಿ ಮರಿಯ ತನಕ ಹೋಗಿಬಿಟ್ಟಿದ್ದ. ತಮ್ಮ ಹಗ್ಗ ತುಳಿದು ನಿಲ್ಲಿಸಿದ. ಅಣ್ಣ ಬೈಯಲಿಲ್ಲ, ಕೋಲು ಒರಗಿಸಿದ್ದ ಕಡೆ ಒಮ್ಮೆ ನೋಡಿದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಈಯಬೇಕಾದ ಕುರಿಗಳು ಕಡಿಮೆಯಾಗುತ್ತಾ ಬಂದಿದ್ದವು, ಕಲಿಸಲು ಉಳಿದ ಅವಕಾಶಗಳೂ ಅಷ್ಟೇ.

ಬದಲಾವಣೆ ಕಂಡದ್ದು ಎಲ್ಲಿ ಅಂದರೆ, ಅಣ್ಣನ ಹೆಂಡತಿ ಹುಣಸೆ ಮರಕ್ಕೆ ಹೊರಟಾಗ ಕೆಂಚ ಅವಳ ಹಿಂದೆ ಹೋಗುವ ಬದಲು ಮುಂದೆ ಹೋಗತೊಡಗಿದ. ಆಮೇಲೆ ಅವಳಿಗೆ ತಡವಾದ ದಿನಗಳಲ್ಲಿ ಅವನೇ ಹೋಗಿ ಕೂತು ಅವಳ ದಾರಿ ಕಾಯುತ್ತಿದ್ದ. ನಾನು ಇದನ್ನು ಯಾರಿಗೂ ಹೇಳಲಿಲ್ಲ. ಈಲಿಯ ವಿಡಿಯೋ ತೋರಿಸಿ ಮೆರೆದದ್ದು ನೆನಪಿತ್ತು.

ಆ ದಿನ ತಮ್ಮ ಕುರಿ ಮೇಯಿಸಲು ಹೊಲ ಗೊತ್ತುಮಾಡಲು ತಾವರೆಕೆರೆ ಕಡೆ ಹೋಗಿದ್ದ. ಮಂದೆ ರೊಪ್ಪದ ಸುತ್ತಲೇ ಮೇಯುತ್ತಿತ್ತು. ಬಿಸಿಲು ಇಳಿಯುವ ಹೊತ್ತು. ಅಣ್ಣ ನೆರಳಲ್ಲಿ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ, ಕೆಂಚ ಅವನಿಂದ ಸ್ವಲ್ಪ ದೂರ ಮಲಗಿದ್ದ. ಇದ್ದಕ್ಕಿದ್ದಂತೆ ನಾಯಿ ಎದ್ದು ಮೂಗೆತ್ತಿ, ಹಗ್ಗ ಎಳೆದುಕೊಂಡು ಹೋಗಿ ಹುಣಸೆ ಮರದ ಕೆಳಗೆ ಕೂತಿತು.

ಅಣ್ಣ ಸೂಜಿ ಚುಚ್ಚಿಟ್ಟು ಎದ್ದ. "ಯಾವ್ ಕುರಿನೂ ಈದಿಲ್ಲ. ಇದ್ಯಾಕೆ ಅಲ್ಲೋಗಿ ಕುಂತ್ಕಂತು?"

"ಹಸಿವಾಗಿರ್ಬೋದು," ಅಂದೆ.

"ಏನೋ ತಿಂದ್ಬುಟ್ಟು ಬಂದೈತೆ. ಕಳ್ಳ ಮುಖ ನೋಡು."

ಮರದ ಕೆಳಗೆ ಹೋಗಿ ನಾಯಿಯ ದವಡೆ ಬಿಡಿಸಿ ಒಳಗೆ ನೋಡಿದ. ಬೆರಳು ಹಾಕಿ ಒಸಡು ಸವರಿ ಮೂಸಿದ. ಮುಂಗಾಲು ಎತ್ತಿ ನೋಡಿದ. ಕೆಂಚ ಎಲ್ಲ ಮಾಡಿಸಿಕೊಂಡು, ಅವನನ್ನು ದಾಟಿ, ಅಣ್ಣನ ಹೆಂಡತಿ ಬರುವ ದಾರಿಯನ್ನೇ ನೋಡುತ್ತಿದ್ದ. ರಕ್ತವಿಲ್ಲ, ಕೂದಲಿಲ್ಲ.

ಆಗ ನನಗೆ ಹೊಳೆಯಿತು. "ಮಾವ, ಕುರಿ ಎಣಿಸಿ."

ಒಂದು ಕಡಿಮೆ. ಗಾಳಿ ಬರುತ್ತಿದ್ದ ಕಡೆಗೆ ನಡೆದೆವು. ಜಾಲಿ ಪೊದೆಯ ಆಚೆ ನೀಲಿ ಗುರುತಿನ ಒಂದು ಚೊಚ್ಚಲ ಕುರಿ ಅಡ್ಡ ಬಿದ್ದು ಮುಕ್ಕರಿಯುತ್ತಿತ್ತು. ಮರಿಯ ಮುಂಗಾಲು ಎರಡೂ ಹೊರಗೆ ಬಂದಿದ್ದವು, ತಲೆ ಸಿಕ್ಕಿಕೊಂಡಿತ್ತು. ಕುರಿಗೆ ಕೂಗಲೂ ಶಕ್ತಿ ಉಳಿದಿರಲಿಲ್ಲ.

ಅಣ್ಣ ಮಂಡಿಯೂರಿ ಕೈ ಹಾಕಿದ. ಕಾಲು ಜಾರುತ್ತಿತ್ತು. "ಹಗ್ಗ," ಅಂದ, "ಯಾವ್ದಾರ ಹಗ್ಗ." ಸುತ್ತ ನೋಡಿದೆ, ಇರಲಿಲ್ಲ. ಅಣ್ಣ ತಿರುಗಿ ಹುಣಸೆ ಮರದ ಕಡೆ ನೋಡಿದ. ಒಂದು ಗಳಿಗೆ ಯೋಚಿಸಿದ. "ಬಿಚ್ಕಂಡು ಬಾ," ಅಂದ.

ಓಡಿ ಹೋಗಿ ಕೆಂಚನ ಕೊರಳಿಂದ ಹಗ್ಗ ಬಿಚ್ಚಿಕೊಂಡು ಬಂದೆ. ಅದರಿಂದ ಮರಿಯ ಕಾಲಿಗೆ ಕುಣಿಕೆ ಹಾಕಿ, ಕುರಿ ಮುಕ್ಕರಿದಾಗೆಲ್ಲ ನನ್ನ ಕೈಯಲ್ಲಿ ಎಳೆಸಿ, ಅಣ್ಣ ಬೆರಳಲ್ಲಿ ತಲೆ ತಿರುಗಿಸಿದ. ಮರಿ ಬಂತು. ಅಣ್ಣನ ಹೆಂಡತಿಯೂ ಅಷ್ಟರಲ್ಲಿ ಓಡಿ ಬಂದಳು. ಬಂದವಳು ನಮ್ಮ ಹತ್ತಿರ ನಿಲ್ಲದೆ, ಬರಿಗೊರಳಲ್ಲಿ ಕೂತಿದ್ದ ನಾಯಿಯನ್ನು ಕಂಡು, ಮೊದಲು ಅಲ್ಲಿಗೆ ಹೋಗಿ ಮಡಿಲಿಂದ ಮುದ್ದೆಯ ತುಂಡು ತೆಗೆದು ಕೈಯಿಂದಲೇ ಕೊಟ್ಟಳು. ಅವನು ಕೂತಲ್ಲೇ ತಿಂದ.

ಅಣ್ಣ ಕೈ ಒರೆಸಿಕೊಂಡು ಮೊಬೈಲು ತೆಗೆದ. "ಲೇ, ನಿನ್ ಚೊಚ್ಚಲು ಕುರಿ ಈದೈತೆ. ಹೆಣ್ಮರಿ. ಒಸಿ ಕಷ್ಟ ಆಯ್ತು... ಇಲ್ಲ, ಚೆನ್ನಾಗೈತೆ." ಆ ಕಡೆಯಿಂದ ತಮ್ಮ ಏನು ಕೇಳಿದ ಅಂತ ನನಗೆ ಕೇಳಿಸಲಿಲ್ಲ. ಅಣ್ಣ ಹುಣಸೆ ಮರದ ಕಡೆ ನೋಡಿ ಹೇಳಿದ, "ಮರದ್ ಕೆಳ್ಗೆ ಐತೆ. ಅದೇ ಹೇಳಿದ್ದು." ಆಮೇಲೆ ಕೇಳಿದ, "ತಾವರೆಕೆರೆ ತಾವ ಹೊಲ ಸಿಕ್ತಾ? ಎಷ್ಟು ಕುರಿಗೆ ಅಂತ ಹೇಳ್ದೆ?... ನಿನ್ ಕುರಿ ಮಾತ್ರ ಯಾಕ್ಲಾ ಹೇಳ್ದೆ? ಎಲ್ಲಾ ಸೇರ್ಸಿ ಹೇಳು."

ಹಗ್ಗ ರಕ್ತ, ಲೋಳೆಯಲ್ಲಿ ಅಂಟುತ್ತಿತ್ತು. ಅವನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದ್ನ ತೊಳ್ದು ನಾಯಿಗೆ ಕಟ್ಲಾ?" ಅಂತ ಕೇಳಿದಳು.

"ಒಣಗ್ಲಿ ಬುಡು," ಅಂದ ಅಣ್ಣ.

ಮುಂದಿನ ವಾರ ಹೋದಾಗ ಹಗ್ಗ ಬೇಲಿಯ ಮೇಲೆ ಒಣಗಿ ಕಡ್ಡಿಯಾಗಿತ್ತು. ಕೆಂಚ ಮಂದೆಯ ಹಿಂದೆ ಹೋಗಿದ್ದ. ಅಣ್ಣ ನನ್ನನ್ನು ಕಂಡು, ಇವತ್ತೇನು ಬಂದೆ ಅನ್ನುವ ಹಾಗೆ ನೋಡಿದ.